ಸೆರೆ ಸಿಕ್ಕ ಸೈನಿಕನ ಹೊಣೆ ಯಾರದು? ತರಗತಿಯಲ್ಲಿ ಎದ್ದ ಪ್ರಶ್ನೆ

ವಿರಾಜಪೇಟೆಯ ಸಮಾಜ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗನ ಪ್ರಸಂಗವನ್ನು ಹೇಳದೆ ನಮ್ಮ ಕೊಡಗಿನ ಶಾಲೆಗಳಲ್ಲಿ ಯಾವ ವರ್ಷವೂ ಮುಗಿಯುವುದಿಲ್ಲ. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 22ರಂದು, ಮರುದಿನ ನಸುಕಿಗೆ ಕದನವಿರಾಮ ಜಾರಿಯಾಗಲಿದ್ದಾಗ, ಹಂಟರ್ ವಿಮಾನದಲ್ಲಿ ಹೋಗಿದ್ದ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಗುಂಡೇಟಿಗೆ ಸಿಕ್ಕಿ, ವಿಮಾನದಿಂದ ಹೊರಕ್ಕೆ ಹಾರಿಕೊಂಡು, ಪಾಕಿಸ್ತಾನದ ಸೈನಿಕರ ಕೈಗೆ ಬಿದ್ದರು. ವಿಭಜನೆಗೆ ಮೊದಲು ತಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಅಲ್ಲಿನ ಅಧ್ಯಕ್ಷರು. ಬೇಕಾದರೆ ಮಗನನ್ನು ಬಿಟ್ಟುಬಿಡುತ್ತೇವೆ ಎಂದು ಅವರು ಹೇಳಿಕಳುಹಿಸಿದಾಗ, ನಿವೃತ್ತರಾಗಿ ಮಡಿಕೇರಿಯಲ್ಲಿದ್ದ ಕಾರ್ಯಪ್ಪನವರು ಅದನ್ನು ಒಪ್ಪದೆ, ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರನ್ನೂ ಒಂದೇ ರೀತಿಯಲ್ಲಿ ನೋಡಿಕೊಳ್ಳಿ ಎಂದರು. ಇಷ್ಟನ್ನು ಹೇಳಿ ನಾನು ಪಾಠ ಮುಗಿಸುವುದು ವಾಡಿಕೆ.

ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಆ ಉಳಿದ ಸೈನಿಕರು ಏನಾದರು? ಅವರಿಗೆ ಊಟ ಹಾಕಿದ್ದು ಯಾರು, ಅವರು ಬದುಕಿದ್ದಾರೆಂದು ಅವರ ಮನೆಯವರಿಗೆ ತಿಳಿಸಿದ್ದು ಯಾರು?" ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಅಂಥವರನ್ನು ಜೈಲಿನಲ್ಲಿ ಇಡುತ್ತಾರೆಯೇ, ದುಡಿಸಿಕೊಳ್ಳುತ್ತಾರೆಯೇ, ಯುದ್ಧ ಮುಗಿದ ಎಷ್ಟು ದಿನಕ್ಕೆ ಬಿಡುತ್ತಾರೆ ಎಂಬುದೂ ನನಗೆ ಸರಿಯಾಗಿ ಗೊತ್ತಿಲ್ಲ. ಸೇನೆಯಲ್ಲಿದ್ದವರು, ಕಾನೂನು ಬಲ್ಲವರು ಇಲ್ಲಿ ಬಹಳ ಮಂದಿ ಇದ್ದೀರಿ. ದಯವಿಟ್ಟು ವಿವರವಾಗಿ ತಿಳಿಸಿಕೊಡಿ.

ಮಾಜಿ ಸುಬೇದಾರ್, ಸೋಮವಾರಪೇಟೆ:

ಮೇಡಂ, ಆ ಹುಡುಗಿ ಕೇಳಿದ ಎರಡನೆಯ ಪ್ರಶ್ನೆಯಲ್ಲಿಯೇ ಎಲ್ಲವೂ ಇದೆ. 1972ರಲ್ಲಿ, ಮೀಸೆ ಇನ್ನೂ ಸರಿಯಾಗಿ ಬಾರದ ವಯಸ್ಸಿನಲ್ಲಿ, ಮಧ್ಯಭಾರತದ ಒಂದು ಶಿಬಿರದಲ್ಲಿ ಪಾಕಿಸ್ತಾನಿ ಸೆರೆಯಾಳುಗಳ ಕಾವಲಿಗೆ ನಿಂತವನು ನಾನು. ಢಾಕಾದಲ್ಲಿ 1971ರ ಡಿಸೆಂಬರ್ 16ರಂದು ಶರಣಾದವರನ್ನೂ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶದ) ಬೇರೆ ಕಡೆಗಳಲ್ಲಿ ಸಿಕ್ಕವರನ್ನೂ ಸೇರಿಸಿ ಸುಮಾರು 93,000 ಜನ ನಮ್ಮ ವಶಕ್ಕೆ ಬಂದಿದ್ದರು. ಅವರಲ್ಲಿ ಎಲ್ಲರೂ ಸಮವಸ್ತ್ರದವರಲ್ಲ. ಸರ್ಕಾರಿ ನೌಕರರು, ಹೆಂಗಸರು, ಮಕ್ಕಳೂ ಇದ್ದರು. ಅಷ್ಟು ಜನರನ್ನು ರೈಲಿನಲ್ಲಿ ತಂದು, ಮೀರಠ್, ಆಗ್ರಾ, ರಾಂಚಿ, ಜಬಲ್‌ಪುರ ಮುಂತಾದ ದಂಡುಪ್ರದೇಶಗಳಲ್ಲಿ ಹಂಚಿ ಇಡಲಾಗಿತ್ತು. ಎಷ್ಟೋ ಕಡೆ ನಮ್ಮವರೇ ತಮ್ಮ ಬ್ಯಾರಕ್ಕುಗಳನ್ನು ಖಾಲಿ ಮಾಡಿ ಡೇರೆಗೆ ಹೋಗಬೇಕಾಯಿತು. ಆಗ ನಮಗೆ ಅದು ಸಿಟ್ಟು ತರಿಸಿದ ವಿಷಯ, ಸುಳ್ಳು ಹೇಳುವುದಿಲ್ಲ.

ಸೆರೆ ಸಿಕ್ಕ ಕ್ಷಣದಲ್ಲಿ ಮಾಡಬೇಕಾದ ಕೆಲಸವನ್ನು ಎಲ್ಲ ಸೇನೆಗಳೂ ಹೆಚ್ಚುಕಡಿಮೆ ಒಂದೇ ರೀತಿ ಕಲಿಸುತ್ತವೆ. ಮೊದಲು ಆಯುಧ ಕಿತ್ತುಕೊಳ್ಳಬೇಕು, ಮೈ ಮತ್ತು ಚೀಲ ಶೋಧಿಸಬೇಕು, ಅಧಿಕಾರಿಗಳನ್ನು ಜವಾನರಿಂದ ಬೇರ್ಪಡಿಸಬೇಕು, ಒಬ್ಬರೊಡನೊಬ್ಬರು ಮಾತಾಡಗೊಡಬಾರದು, ಗುಂಡು ಹಾರುವ ಜಾಗದಿಂದ ಬೇಗ ಹಿಂದಕ್ಕೆ ಸಾಗಿಸಬೇಕು. ಆದರೆ ಅವನ ಹೆಲ್ಮೆಟ್ಟನ್ನು ಕಸಿಯುವ ಹಾಗಿಲ್ಲ, ಏಕೆಂದರೆ ಹಿಂದಕ್ಕೆ ನಡೆಯುವಾಗ ಷೆಲ್ ಬಿದ್ದರೆ ಅವನ ತಲೆಯೂ ತಲೆಯೇ. ಅವನ ದುಡ್ಡನ್ನು ಅಧಿಕಾರಿಯ ಆಜ್ಞೆಯಿಲ್ಲದೆ ಮುಟ್ಟುವಂತಿಲ್ಲ. ತೆಗೆದುಕೊಂಡರೆ ರಸೀದಿ ಕೊಡಬೇಕು.

ಶಿಬಿರದ ಬದುಕು ಎಂದರೆ ಎಣಿಕೆ. ಬೆಳಿಗ್ಗೆ ಎಣಿಕೆ, ಸಂಜೆ ಎಣಿಕೆ. ಒಬ್ಬ ಆಸ್ಪತ್ರೆಗೆ ಹೋದದ್ದು ಪಟ್ಟಿಗೆ ಏರದಿದ್ದರೆ ಲೆಕ್ಕ ತಾಳೆಯಾಗುವವರೆಗೆ ಅವರೂ ನಿಂತಿರಬೇಕು, ನಾವೂ ನಿಂತಿರಬೇಕು. ನನ್ನ ಹಿಂದಿ ಆಗ ಕೊಡವ ತಕ್ಕಿನ (ಕೊಡವ ಭಾಷೆಯ) ರಾಗದಲ್ಲಿತ್ತು; ನಾನು ಎಣಿಸುವುದನ್ನು ಕೇಳಿ ತಂತಿಯ ಆಚೆ ಇದ್ದ ಪಂಜಾಬಿಗಳು ನಗುತ್ತಿದ್ದರು. ಆಮೇಲೆ ಅವರಲ್ಲೇ ಒಬ್ಬ ಹವಾಲ್ದಾರ ನನಗೆ ಅಂಕಿಗಳನ್ನು ತಿದ್ದಿ ಹೇಳಿಕೊಟ್ಟ.

ಈಗ ಮನೆಯವರಿಗೆ ತಿಳಿಸುವ ವಿಷಯ. ಶಿಬಿರಕ್ಕೆ ಬಂದ ಒಂದು ವಾರದೊಳಗೆ ಪ್ರತಿ ಸೆರೆಯಾಳಿಗೂ ಒಂದು ಕಾರ್ಡ್ ಬರೆಯಲು ಅವಕಾಶ ಕೊಡಬೇಕು. ತಾನು ಸೆರೆಯಲ್ಲಿದ್ದೇನೆ, ಆರೋಗ್ಯ ಹೀಗಿದೆ, ವಿಳಾಸ ಇಂಥದ್ದು, ಇಷ್ಟೇ ಅದರಲ್ಲಿರುವುದು. ಒಂದು ಪ್ರತಿ ಮನೆಗೆ, ಇನ್ನೊಂದು ಜಿನೀವಾದಲ್ಲಿರುವ ರೆಡ್ ಕ್ರಾಸ್ ಸಮಿತಿಯ ಕಚೇರಿಗೆ. ಆ ಕಾರ್ಡ್ ಹೊರಟ ಮೇಲೆ ಅವನನ್ನು ಯಾರೂ ಇಲ್ಲವೆನ್ನಲಾಗದು. ಕಾವಲುಗಾರನಾಗಿ ನಾನು ಕಲಿತದ್ದು ಇದನ್ನೇ. ತಂತಿಯೂ ಬಂದೂಕೂ ಇರುವುದು ಅವನು ಓಡಿಹೋಗದಿರಲೆಂದು. ಅವನು ಕಾಣೆಯಾಗದಂತೆ ಕಾಯುವುದು ಆ ಕಾರ್ಡ್.

ಮಡಿಕೇರಿಯ ವಕೀಲ:

ಸುಬೇದಾರರು ಅನುಭವದಿಂದ ಹೇಳಿದ್ದಕ್ಕೆ ಕಾನೂನಿನ ಬೆನ್ನೆಲುಬನ್ನು ನಾನು ಜೋಡಿಸುತ್ತೇನೆ. 1949ರ ನಾಲ್ಕು ಜಿನೀವಾ ಒಪ್ಪಂದಗಳಲ್ಲಿ ಮೂರನೆಯದು ಯುದ್ಧಕೈದಿಗಳದ್ದು. ಅದರಲ್ಲಿ 143 ವಿಧಿಗಳಿವೆ. ಭಾರತ ಇದಕ್ಕಾಗಿ 1960ರಲ್ಲಿ ಪ್ರತ್ಯೇಕ ಅಧಿನಿಯಮವನ್ನೇ ಮಾಡಿಕೊಂಡಿತು.

ಟೀಚರ್ ಅವರು ಮಕ್ಕಳಿಗೆ ಮೊದಲು ಹೇಳಬೇಕಾದದ್ದು, ಯುದ್ಧಕೈದಿ ಅಪರಾಧಿಯಲ್ಲ ಎಂಬುದನ್ನು. ತನ್ನ ದೇಶದ ಪರವಾಗಿ ಕಾದಾಡಿದ್ದು ಅಪರಾಧವಲ್ಲವಾದ್ದರಿಂದ ಅವನನ್ನು ಇಟ್ಟುಕೊಳ್ಳುವುದು ಶಿಕ್ಷೆಗಾಗಿ ಅಲ್ಲ, ಮತ್ತೆ ಆಯುಧ ಹಿಡಿದು ಎದುರು ಬಾರದಿರಲಿ ಎಂಬುದಕ್ಕಾಗಿ. ಆದ್ದರಿಂದಲೇ ಅವನನ್ನು ಜೈಲಿನಲ್ಲಿ ಇಡುವುದು ಸಾಮಾನ್ಯವಾಗಿ ನಿಷಿದ್ಧ, ಶಿಬಿರದಲ್ಲಿಯೇ ಇಡಬೇಕು. ವಿಚಾರಣೆಯಲ್ಲಿ ಅವನು ಹೇಳಲೇಬೇಕಾದದ್ದು ಹೆಸರು, ಹುದ್ದೆ, ಜನ್ಮದಿನಾಂಕ, ಸೇನಾ ಸಂಖ್ಯೆ, ಇಷ್ಟು ಮಾತ್ರ. ಉಳಿದದ್ದನ್ನು ಕೇಳಬಹುದು, ಆದರೆ ಹೇಳದಿದ್ದುದಕ್ಕೆ ಹಿಂಸಿಸುವಂತಿಲ್ಲ, ಬೆದರಿಸುವಂತಿಲ್ಲ.

ಊಟದ ಖರ್ಚು ಸಂಪೂರ್ಣವಾಗಿ ಸೆರೆ ಹಿಡಿದ ದೇಶದ್ದು. ಅಷ್ಟೇ ಅಲ್ಲ, ಹುದ್ದೆಗೆ ತಕ್ಕಂತೆ ತಿಂಗಳಿಗೊಂದು ಮುಂಗಡ ವೇತನವನ್ನೂ ಕೊಡಬೇಕು. ಒಪ್ಪಂದ ಅದನ್ನು ಸ್ವಿಸ್ ಫ್ರಾಂಕ್‌ಗಳಲ್ಲಿ ನಿಗದಿ ಮಾಡಿದೆ: ಸಾಮಾನ್ಯ ಸಿಪಾಯಿಗೆ 8, ಜನರಲ್‌ಗೆ 75. ತಿಂಗಳಿಗೆ ಕನಿಷ್ಠ ಎರಡು ಪತ್ರ, ನಾಲ್ಕು ಕಾರ್ಡ್ ಬರೆಯಲು ಬಿಡಬೇಕು, ಅಂಚೆವೆಚ್ಚ ಇಲ್ಲ. ರೆಡ್ ಕ್ರಾಸ್ ಪ್ರತಿನಿಧಿಗಳು ಶಿಬಿರಕ್ಕೆ ಬಂದು, ಕಾವಲುಗಾರರನ್ನು ಹೊರಗಿಟ್ಟು, ಸೆರೆಯಾಳುಗಳ ಜೊತೆ ಏಕಾಂತದಲ್ಲಿ ಮಾತಾಡಬಹುದು. ಜವಾನರಿಂದ ಕೆಲಸ ಮಾಡಿಸಬಹುದು. ಹವಾಲ್ದಾರರಂಥ ಕಿರಿಯ ಮೇಲ್ವಿಚಾರಕ ದರ್ಜೆಯವರಿಗೆ ಮೇಲುಸ್ತುವಾರಿಯನ್ನು ಮಾತ್ರ ವಹಿಸಬಹುದು. ಅಧಿಕಾರಿಗಳನ್ನು ಬಲವಂತವಾಗಿ ದುಡಿಸುವಂತಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿದ್ದ ಇಟಾಲಿಯನ್ ಸೆರೆಯಾಳುಗಳ ಕಥೆಗಳನ್ನು ಅಲ್ಲಿನ ಹಳಬರು ಇಂದಿಗೂ ಹೇಳುತ್ತಾರೆ. ಅದಕ್ಕೂ ಮೊದಲು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ದಕ್ಷಿಣ ಆಫ್ರಿಕಾದಿಂದ ಹಡಗಿನಲ್ಲಿ ತಂದ ಬೋಯರ್ ಸೆರೆಯಾಳುಗಳನ್ನು ಬ್ರಿಟಿಷರು ನಮ್ಮ ಬಳ್ಳಾರಿಯಲ್ಲಿಯೂ ಇಟ್ಟಿದ್ದರು.

ತಪ್ಪಿಸಿಕೊಳ್ಳುವ ಯತ್ನದ ಬಗೆಗಿನ ನಿಯಮ ನನಗೆ ಬಹಳ ಇಷ್ಟವಾದದ್ದು. ಓಡಿಹೋಗಲು ನೋಡುವುದು ಸೈನಿಕನ ಸಹಜ ಧರ್ಮ ಎಂದು ಒಪ್ಪಂದ ಮೌನವಾಗಿ ಒಪ್ಪಿಕೊಂಡಿದೆ. ಸಿಕ್ಕಿಬಿದ್ದರೆ ಶಿಸ್ತುಕ್ರಮ ಮಾತ್ರ, ಅದೂ 30 ದಿನ ಮೀರುವಂತಿಲ್ಲ. 1972ರ ಆಗಸ್ಟ್‌ನಲ್ಲಿ ದಿಲೀಪ್ ಪಾರುಲ್ಕರ್ ಮತ್ತು ಇನ್ನಿಬ್ಬರು ಭಾರತೀಯ ವಿಮಾನಚಾಲಕರು ರಾವಲ್ಪಿಂಡಿಯ ಶಿಬಿರದ ಗೋಡೆ ಕೊರೆದು ಹೊರಬಿದ್ದು, ಅಫ್ಘಾನ್ ಗಡಿಗೆ ಹತ್ತಿರದ ಲಂಡಿ ಕೋಟಲ್‌ವರೆಗೂ ತಲುಪಿ, ಅಲ್ಲಿ ಸಿಕ್ಕಿಬಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪಶ್ಚಿಮ ಗಡಿಯ ಸೆರೆಯಾಳುಗಳ ವಿನಿಮಯವಾದಾಗ ಮೂವರೂ ಮನೆಗೆ ಬಂದರು.

ಇನ್ನೊಂದು ಗುಂಪಿನವರ ಸ್ಥಿತಿ ಇಷ್ಟು ಸ್ಪಷ್ಟವಲ್ಲ. ಸಮವಸ್ತ್ರವಿಲ್ಲದೆ ಸಿಕ್ಕವನು ಸೈನಿಕನೋ ಅಲ್ಲವೋ ಎಂಬ ಸಂಶಯ ಬಂದರೆ, ಸಮರ್ಥ ನ್ಯಾಯಮಂಡಳಿ ತೀರ್ಮಾನಿಸುವವರೆಗೆ ಅವನನ್ನು ಯುದ್ಧಕೈದಿಯೆಂದೇ ನೋಡಬೇಕು ಎನ್ನುತ್ತದೆ ಐದನೆಯ ವಿಧಿ. ಶತ್ರುದೇಶದ ಮೂಲದ ನಾಗರಿಕರನ್ನು ಭದ್ರತೆಯ ಕಾರಣಕ್ಕೆ ಬಂಧನದಲ್ಲಿಡುವುದು ನಾಲ್ಕನೆಯ ಒಪ್ಪಂದದ ವಿಷಯ. 1962ರ ಯುದ್ಧದ ಹೊತ್ತಿಗೆ ನಮ್ಮ ಸರ್ಕಾರ ಅಸ್ಸಾಂ ಮುಂತಾದ ಕಡೆಗಳಿಂದ ಚೀನಾ ಮೂಲದ ಸುಮಾರು 3,000 ಜನರನ್ನು, ಇಲ್ಲಿಯೇ ಹುಟ್ಟಿ ಬೆಳೆದವರನ್ನೂ ಮಕ್ಕಳನ್ನೂ ಸೇರಿಸಿ, ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿತು. ಯುದ್ಧ ನಡೆದದ್ದು ಒಂದು ತಿಂಗಳು. ಕೆಲವರು ಅಲ್ಲಿದ್ದದ್ದು ವರ್ಷಗಟ್ಟಲೆ. ಕೈದಿಗಳ ಉಪಚಾರದ ವಿಷಯದಲ್ಲಿ ನಾವು ಬೆನ್ನು ತಟ್ಟಿಕೊಳ್ಳುವಾಗ ಇದನ್ನೂ ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ.

ನಾಪೋಕ್ಲು ತೋಟದವನು:

ಕಾಫಿ ಕೊಯ್ಲಿಗೆ ಆಳು ಸಿಗದ ಈ ಕಾಲದಲ್ಲಿ ಸೆರೆಯಾಳುಗಳ ದಿನಗೂಲಿ ಎಷ್ಟೆಂದು ವಕೀಲರು ಹೇಳಲಿಲ್ಲವಲ್ಲ! ಅದು ಹಾಸ್ಯ, ಬಿಡಿ. ಗಂಭೀರವಾಗಿ ಕೇಳುತ್ತೇನೆ. ನನ್ನ ಅಣ್ಣನ ಮಗ ಈಗ ಗಡಿಯಲ್ಲಿದ್ದಾನೆ. 1999ರ ಮೇ ತಿಂಗಳಲ್ಲಿ ಕಾರ್ಗಿಲ್‌ನಲ್ಲಿ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಐವರು ಜವಾನರು ಗಸ್ತಿಗೆ ಹೋಗಿ ಸಿಕ್ಕಿಬಿದ್ದರು. ಮೂರು ವಾರಗಳ ಮೇಲೆ ಬಂದ ಅವರ ದೇಹಗಳ ಸ್ಥಿತಿಯನ್ನು ಇಲ್ಲಿ ಬರೆಯಲಾರೆ. 143 ವಿಧಿಗಳು ಆಗ ಎಲ್ಲಿದ್ದವು? ಮಕ್ಕಳಿಗೆ ಕಾಗದದ ಮಾತನ್ನಷ್ಟೇ ಕಲಿಸಿದರೆ ಅರ್ಧಸತ್ಯ ಕಲಿಸಿದಂತೆ.

ಮಾಜಿ ಸುಬೇದಾರ್, ಸೋಮವಾರಪೇಟೆ:

ತೋಟದ ಅಣ್ಣ, ನಿಮ್ಮ ಮಾತನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಅದೇ ಕಾರ್ಗಿಲ್, ಅದೇ ತಿಂಗಳು ಇನ್ನೊಂದು ಪ್ರಕರಣವನ್ನೂ ನೋಡಿ. ಮೇ 27ರಂದು ವಿಮಾನದಿಂದ ಹಾರಿಕೊಂಡು ಸಿಕ್ಕಿಬಿದ್ದ ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಜೂನ್ 3ರಂದು ರೆಡ್ ಕ್ರಾಸ್ ಮೂಲಕ ಹಸ್ತಾಂತರವಾದರು. ಇಬ್ಬರ ನಡುವಿನ ವ್ಯತ್ಯಾಸ ನನಗೆ ಕಾಣುವುದು ಹೀಗೆ: ವಿಮಾನಚಾಲಕನೊಬ್ಬ ತಮ್ಮ ವಶದಲ್ಲಿದ್ದಾನೆ ಎಂದು ಪಾಕಿಸ್ತಾನ ಜಗತ್ತಿಗೆ ಹೇಳಿತ್ತು, ಗಸ್ತಿನವರ ವಿಷಯದಲ್ಲಿ ಹಾಗೆ ಹೇಳಿರಲಿಲ್ಲ. ಸೆರೆಯಾಳಿಗೆ ಅತ್ಯಂತ ಅಪಾಯದ ಹೊತ್ತು ಸಿಕ್ಕಿಬಿದ್ದ ಮೊದಲ ಗಂಟೆಗಳು, ಅವನ ಹೆಸರು ಎಲ್ಲಿಯೂ ಬರೆಯಲ್ಪಡದ ಹೊತ್ತು. ಅದಕ್ಕಾಗಿಯೇ ಒಳ್ಳೆಯ ಸೇನೆಗಳು ಸೆರೆಯಾಳನ್ನು ಅವನನ್ನು ಹಿಡಿದ ತುಕಡಿಯ ಕೈಯಲ್ಲಿ ಹೆಚ್ಚು ಹೊತ್ತು ಬಿಡುವುದಿಲ್ಲ. ಬೆಳಿಗ್ಗೆ ತನ್ನ ಜೊತೆಗಾರನನ್ನು ಕಳೆದುಕೊಂಡವನ ಕೈಗೆ ಸಂಜೆ ಸೆರೆಯಾಳನ್ನು ಒಪ್ಪಿಸಬಾರದು ಎಂದು ನಮ್ಮ ಹಿರಿಯ ಜೆ.ಸಿ.ಓ. (ಸುಬೇದಾರ್ ದರ್ಜೆಯ ಅಧಿಕಾರಿ) ಒಬ್ಬರು ಹೇಳುತ್ತಿದ್ದರು.

ಮಡಿಕೇರಿಯ ವಕೀಲ:

ತೋಟದವರ ಹಾಸ್ಯದ ಪ್ರಶ್ನೆಗೂ ಉತ್ತರವಿದೆ. ಕೃಷಿ ಕೆಲಸ ಮಾಡಿಸಬಹುದು. ದಿನಪೂರ್ತಿ ದುಡಿದರೆ ಕನಿಷ್ಠ ಕಾಲು ಸ್ವಿಸ್ ಫ್ರಾಂಕ್ ಎಂದು 1949ರಲ್ಲಿ ಬರೆದದ್ದು ಹಾಗೆಯೇ ಇದೆ.

ಕುಶಾಲನಗರದ ಹಳೇ ಓದುಗ:

ಯುದ್ಧ ಮುಗಿದ ಎಷ್ಟು ದಿನಕ್ಕೆ ಬಿಡುತ್ತಾರೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಕೊಡಗಿನವರಾಗಿ ನಾವು ಬಿಡಿಸಿ ಹೇಳಲೇಬೇಕಾದ ಪ್ರಶ್ನೆ ಅದು, ಏಕೆಂದರೆ ಅದರ ಅತ್ಯಂತ ಕಠಿಣ ರೂಪವನ್ನು ಎದುರಿಸಿದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು. ಕಾರ್ಯಪ್ಪನವರ ಪ್ರಸಂಗ ಮಕ್ಕಳಿಗೆ ಬಾಯಿಪಾಠವಾಗಿರುತ್ತದೆ. ತಿಮ್ಮಯ್ಯನವರ ಕೊರಿಯಾ ಪ್ರಸಂಗವನ್ನು ಹೇಳುವ ಶಿಕ್ಷಕರು ಕಡಿಮೆ ಎಂಬುದು ನನ್ನ ಹಳೆಯ ತಕರಾರು.

ಸಕ್ರಿಯ ಯುದ್ಧ ನಿಂತ ಕೂಡಲೇ ತಡಮಾಡದೆ ಬಿಡುಗಡೆ ಮಾಡಿ ತಾಯ್ನಾಡಿಗೆ ಕಳುಹಿಸಬೇಕು ಎಂದು 118ನೆಯ ವಿಧಿ ಹೇಳುತ್ತದೆ. ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದು, ಎರಡನೆಯ ಮಹಾಯುದ್ಧ ಮುಗಿದು ವರ್ಷಗಳಾದರೂ ದುಡಿಮೆಗೆಂದು ಇಟ್ಟುಕೊಳ್ಳಲಾದ ಸೆರೆಯಾಳುಗಳ ಪಾಡು. ಸೆರೆಯಾಳು ತಾನೇ ಮನೆಗೆ ಹೋಗಲಾರೆ ಎಂದರೆ ಏನು ಮಾಡಬೇಕೆಂದು ಆ ವಿಧಿ ಹೇಳುವುದಿಲ್ಲ. ಮರುವರ್ಷವೇ ಕೊರಿಯಾ ಯುದ್ಧ ಹತ್ತಿಕೊಂಡಿತು. ಅಮೆರಿಕದ ಕಡೆಯವರ ಸೆರೆಯಲ್ಲಿದ್ದ ಚೀನೀ ಮತ್ತು ಉತ್ತರ ಕೊರಿಯಾದ ಸಾವಿರಾರು ಮಂದಿ ಹಿಂತಿರುಗಲು ಒಪ್ಪಲಿಲ್ಲ. ಬೇರೆಲ್ಲ ವಿಷಯಗಳಲ್ಲಿ ಒಮ್ಮತ ಕಂಡಿದ್ದ ಮಾತುಕತೆ ಈ ಒಂದು ವಿಷಯದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಕೊಂಡಿತು, ಅಷ್ಟು ಕಾಲವೂ ಯುದ್ಧಭೂಮಿಯಲ್ಲಿ ಜನ ಸಾಯುತ್ತಲೇ ಇದ್ದರು.

ಅಷ್ಟರಲ್ಲಿ ಶಿಬಿರಗಳ ಒಳಗೇ ಇನ್ನೊಂದು ಯುದ್ಧ ನಡೆದಿತ್ತು. ದಕ್ಷಿಣ ಕೊರಿಯಾದ ಕೋಜೆ ದ್ವೀಪದಲ್ಲಿ ಒಂದೊಂದು ಬೇಲಿಯೊಳಗೆ ಸಾವಿರಾರು ಜನರನ್ನು ತುಂಬಿದ್ದರಿಂದ, ಒಳಗೆ ಯಾರ ಆಳ್ವಿಕೆ ನಡೆಯುತ್ತಿದೆ ಎಂಬುದೇ ಕಾವಲಿನವರಿಗೆ ತಿಳಿಯುತ್ತಿರಲಿಲ್ಲ. ಕಮ್ಯುನಿಸ್ಟರ ಬೇಲಿಯಲ್ಲಿ ಕಮ್ಯುನಿಸ್ಟರದೇ ನ್ಯಾಯ, ವಿರೋಧಿಗಳ ಬೇಲಿಯಲ್ಲಿ ವಿರೋಧಿಗಳದೇ ನ್ಯಾಯ, ಎರಡೂ ಕಡೆ ಕೊಲೆ. 1952ರ ಮೇ 7ರಂದು ಸೆರೆಯಾಳುಗಳು ಶಿಬಿರದ ಮುಖ್ಯಾಧಿಕಾರಿ ಬ್ರಿಗೇಡಿಯರ್ ಜನರಲ್ ಡಾಡ್ ಅವರನ್ನೇ ಒಳಗೆಳೆದು ಒತ್ತೆಯಿಟ್ಟುಕೊಂಡರು. ಆಮೇಲೆ ಬಂದವರು ದೊಡ್ಡ ಬೇಲಿಗಳನ್ನು ಒಡೆದು, ಐನೂರು ಜನರ ಚಿಕ್ಕ ಬೇಲಿಗಳನ್ನಾಗಿ ಮಾಡಿದ ಮೇಲೆಯೇ ಹಿಡಿತ ಸಿಕ್ಕಿದ್ದು. ಸೆರೆಯಾಳುಗಳನ್ನು ನಿರ್ವಹಿಸುವ ಎಲ್ಲ ಸೇನೆಗಳಿಗೂ ಈ ಪಾಠ ಇಂದಿಗೂ ಬೇಕಾದದ್ದು.

1953ರ ಜುಲೈ 27ರ ಕದನವಿರಾಮದ ಪ್ರಕಾರ, ಹಿಂತಿರುಗಲೊಲ್ಲದವರನ್ನು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಒಪ್ಪಿಸುವುದೆಂದಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಝೆಕೊಸ್ಲೊವಾಕಿಯಾ, ಭಾರತ ಅದರ ಸದಸ್ಯರು, ತಿಮ್ಮಯ್ಯನವರು ಅಧ್ಯಕ್ಷರು. ಕಾವಲಿಗೆ ಮೇಜರ್ ಜನರಲ್ ಥೋರಟ್ ಅವರ ನಾಯಕತ್ವದ ಭಾರತೀಯ ಪಡೆ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದಿದ್ದರಿಂದ, ನಮ್ಮ ಜವಾನರನ್ನು ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ನೇರವಾಗಿ ಎರಡು ಕೊರಿಯಾಗಳ ನಡುವಿನ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಅವರ ವಶಕ್ಕೆ ಬಂದವರು 22,000ಕ್ಕೂ ಹೆಚ್ಚು ಚೀನೀ ಮತ್ತು ಕೊರಿಯನ್ ಸೆರೆಯಾಳುಗಳು, ಎದುರು ಕಡೆಯಿಂದ 359 ಮಂದಿ. ಆ 359ರಲ್ಲಿ 23 ಅಮೆರಿಕನ್ನರೂ ಒಬ್ಬ ಬ್ರಿಟಿಷನೂ ಇದ್ದರು.

ಪ್ರತಿಯೊಬ್ಬ ಸೆರೆಯಾಳನ್ನೂ ಒಂದು ಡೇರೆಗೆ ಕರೆದು, ಅವನ ದೇಶದ ಪ್ರತಿನಿಧಿ ಅವನಿಗೆ ವಿಷಯ ವಿವರಿಸಿ, ಆಮೇಲೆ ಅವನು ಹಿಂತಿರುಗುವ ಬಾಗಿಲಿನಿಂದಲೋ ನಿರಾಕರಿಸುವ ಬಾಗಿಲಿನಿಂದಲೋ ಹೊರಹೋಗುವುದು ಎಂಬುದು ಕ್ರಮ. ಬರೆದಷ್ಟು ಸುಲಭವಾಗಿ ನಡೆಯಲಿಲ್ಲ. ಬೇಲಿಯೊಳಗಿನ ಮುಖಂಡರ ಭಯಕ್ಕೆ ಸೆರೆಯಾಳುಗಳು ಡೇರೆಗೆ ಬರಲೇ ಒಪ್ಪುತ್ತಿರಲಿಲ್ಲ. ಒಮ್ಮೆ ಅವರು ಒಬ್ಬ ಭಾರತೀಯ ಮೇಜರ್‌ರನ್ನು ಹಿಡಿದಿಟ್ಟುಕೊಂಡಾಗ ಥೋರಟ್ ಅವರೇ ಆ ಬೇಲಿಯೊಳಗೆ ಹೋಗಿ, ಮಾತಿನಿಂದಲೇ ಅವರನ್ನು ಸಮಾಧಾನಪಡಿಸಿ ಬಿಡಿಸಿಕೊಂಡು ಬಂದರು. ನಿಗದಿಯಾದ ಅವಧಿಯಲ್ಲಿ ಸೆರೆಯಾಳುಗಳ ಒಂದು ಸಣ್ಣ ಪಾಲು ಮಾತ್ರ ಡೇರೆಯವರೆಗೆ ಬಂದಿತ್ತು. ಬಲ ಪ್ರಯೋಗಿಸಿ ಎಳೆತನ್ನಿ ಎಂದು ಒಂದು ಕಡೆಯವರು, ಕೂಡಲೇ ಬಿಟ್ಟುಬಿಡಿ ಎಂದು ಇನ್ನೊಂದು ಕಡೆಯವರು ಒತ್ತಾಯಿಸುತ್ತಿದ್ದರೂ ತಿಮ್ಮಯ್ಯನವರು ಎರಡನ್ನೂ ಮಾಡಲಿಲ್ಲ. 1954ರ ಜನವರಿಯಲ್ಲಿ, ತಂದುಕೊಟ್ಟವರ ಕೈಗೇ ಉಳಿದವರನ್ನು ಹಿಂದಿರುಗಿಸಿದರು. ಬಹುಪಾಲು ಚೀನೀಯರು ತೈವಾನಿಗೂ ಕೊರಿಯನ್ನರು ದಕ್ಷಿಣಕ್ಕೂ ಹೋದರು. ಯಾವ ಕಡೆಯೂ ಬೇಡವೆಂದ 88 ಜನ ನಮ್ಮವರ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು; ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋಗಿ ನೆಲೆಸಿದರು. ಇದು ವಿಫಲವಾದ ಕೆಲಸ ಎನ್ನುವವರಿದ್ದಾರೆ. ಕೊಲ್ಲಲು ಸಿದ್ಧವಾಗಿದ್ದ ಇಪ್ಪತ್ತೆರಡು ಸಾವಿರ ಜನರನ್ನು ದೊಡ್ಡ ರಕ್ತಪಾತವಿಲ್ಲದೆ ನಾಲ್ಕು ತಿಂಗಳು ಇಟ್ಟುಕೊಂಡದ್ದೇ ದೊಡ್ಡದೆಂದು ನನ್ನ ಎಣಿಕೆ.

ನಮ್ಮದೇ 93,000 ಜನರ ವಿಷಯಕ್ಕೆ ಬಂದರೆ, 118ನೆಯ ವಿಧಿಯ 'ತಡಮಾಡದೆ' ಎಂಬ ಮಾತಿಗೆ ನಾವೂ ಸರಿಯಾಗಿ ನಡೆದುಕೊಂಡೆವೆಂದು ಹೇಳಲಾರೆ. ಶರಣಾದದ್ದು ಭಾರತ ಮತ್ತು ಬಾಂಗ್ಲಾದೇಶದ ಜಂಟಿ ಪಡೆಗೆ, ಆದ್ದರಿಂದ ಬಾಂಗ್ಲಾದೇಶದ ಒಪ್ಪಿಗೆ ಬೇಕು ಎಂಬುದು ನಮ್ಮ ವಾದ. ಬಾಂಗ್ಲಾದೇಶವು 195 ಮಂದಿಯನ್ನು ಯುದ್ಧಾಪರಾಧಗಳಿಗೆ ವಿಚಾರಣೆಗೊಳಪಡಿಸಬೇಕೆಂದಿತ್ತು. ಪಾಕಿಸ್ತಾನದಲ್ಲಿ ಸಿಲುಕಿದ್ದ ಬಂಗಾಳಿಗಳ ಪ್ರಶ್ನೆಯೂ ಅದಕ್ಕೆ ತಗುಲಿಕೊಂಡಿತ್ತು. 1973ರ ಆಗಸ್ಟ್ 28ರ ದೆಹಲಿ ಒಪ್ಪಂದದ ನಂತರವೇ ರೈಲುಗಳು ವಾಘಾ ಕಡೆಗೆ ಹೊರಟವು. ಕೊನೆಗೆ ಆ 195 ಮಂದಿಯನ್ನೂ ಬಿಡಲಾಯಿತು. 1974ರ ಏಪ್ರಿಲ್ ಕೊನೆಗೆ, ಢಾಕಾದಲ್ಲಿ ಶರಣಾಗಿದ್ದ ಪಾಕಿಸ್ತಾನಿ ಪಡೆಯ ಮುಖ್ಯಸ್ಥ ಜನರಲ್ ನಿಯಾಜಿ ಗಡಿ ದಾಟಿದರು.

ವಿರಾಜಪೇಟೆಯ ಸಮಾಜ ಟೀಚರ್:

ಒಂದು ಪಾಠಕ್ಕೆ ಕೇಳಿದರೆ ಒಂದು ವರ್ಷಕ್ಕಾಗುವಷ್ಟು ಕೊಟ್ಟಿದ್ದೀರಿ, ಎಲ್ಲರಿಗೂ ಕೃತಜ್ಞಳು. ಮಕ್ಕಳನ್ನು ಮಡಿಕೇರಿಯ ಸನ್ನಿ ಸೈಡ್‌ಗೆ, ತಿಮ್ಮಯ್ಯನವರ ಮನೆಯಲ್ಲಿರುವ ಸಂಗ್ರಹಾಲಯಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಸುಬೇದಾರರೇ, ಒಂದು ಕೊನೆಯ ಪ್ರಶ್ನೆ. ಕಾರ್ಡೂ ಬಾರದೆ, ದೇಹವೂ ಬಾರದೆ ಹೋದವರ ಮನೆಯವರಿಗೆ ಏನು ಹೇಳುತ್ತಾರೆ?

ಮಾಜಿ ಸುಬೇದಾರ್, ಸೋಮವಾರಪೇಟೆ:

ನಮ್ಮ ಕಾಲದಲ್ಲಿ 'ಕಾಣೆಯಾಗಿದ್ದಾರೆ' ಎಂದು ಒಂದು ತಂತಿ (ಟೆಲಿಗ್ರಾಂ) ಬರುತ್ತಿತ್ತು, ಮೇಡಂ. ಅದು 'ಸತ್ತಿದ್ದಾರೆ' ಎನ್ನುವುದಕ್ಕಿಂತ ಕಷ್ಟದ ತಂತಿ, ಏಕೆಂದರೆ ಮನೆಯವರಿಗೆ ಕರ್ಮ ಮಾಡಲೂ ಮನಸ್ಸು ಬರುವುದಿಲ್ಲ, ಬಾಗಿಲು ಹಾಕಲೂ ಮನಸ್ಸು ಬರುವುದಿಲ್ಲ. 1971ರಲ್ಲಿ ಕಾಣೆಯಾದವರಲ್ಲಿ 54 ಮಂದಿಯ ಮನೆಯವರು, ಅವರು ಪಾಕಿಸ್ತಾನದ ಜೈಲುಗಳಲ್ಲಿ ಇದ್ದಾರೆಂದು ನಂಬಿ ದಶಕಗಳ ಕಾಲ ಅಲೆದರು. ಪಾಕಿಸ್ತಾನ ಇಲ್ಲವೆಂದೇ ಹೇಳುತ್ತ ಬಂದಿದೆ.

ದೂರ ಹೋಗುವುದು ಬೇಡ. ನೀವು ಮಕ್ಕಳನ್ನು ಕರೆತರುವ ದಿನ ಮಡಿಕೇರಿಯ ಅಜ್ಜಮಾಡ ದೇವಯ್ಯ ವೃತ್ತದಲ್ಲಿ ಒಂದು ನಿಮಿಷ ನಿಲ್ಲಿಸಿ. ಸ್ಕ್ವಾಡ್ರನ್ ಲೀಡರ್ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಅವರ ಹಳೆಯ ಮಿಸ್ಟೀರ್ ವಿಮಾನ ಆ ಕಾಲಕ್ಕೆ ಅತ್ಯಂತ ವೇಗದ್ದಾಗಿದ್ದ ಪಾಕಿಸ್ತಾನದ ಸ್ಟಾರ್‌ಫೈಟರನ್ನು ಎದುರಿಸಿ ಹೊಡೆದುರುಳಿಸಿತ್ತು ಎಂಬುದು ನಮ್ಮವರಿಗೆ ವರ್ಷಗಟ್ಟಲೆ ಗೊತ್ತೇ ಆಗಲಿಲ್ಲ. ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯ ಕುರಿತು 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಎಳೆ ಸಿಕ್ಕಿ, 1988ರಲ್ಲಿ ಅವರಿಗೆ ಮಹಾವೀರ ಚಕ್ರ ಸಂದಿತು. ಅವರ ದೇಹವನ್ನು ಅಲ್ಲಿನ ಹಳ್ಳಿಯವರೇ ಮಣ್ಣು ಮಾಡಿದ್ದರೆಂದು ಆಮೇಲೆ ತಿಳಿಯಿತು.

ನಮ್ಮ ಕೊರಳಲ್ಲಿ ಗುರುತಿನ ಬಿಲ್ಲೆ ಇರುತ್ತಿತ್ತು, ಹೆಸರು ಮತ್ತು ಸಂಖ್ಯೆ ಕೊರೆದದ್ದು. ಶತ್ರುವಿನ ದೇಹ ಸಿಕ್ಕರೂ ಜೋಡಿ ಬಿಲ್ಲೆಯ ಒಂದನ್ನು ದೇಹದ ಮೇಲೆ ಬಿಟ್ಟು, ಇನ್ನೊಂದನ್ನು ಅವನ ಕಡೆಯವರಿಗೆ ಕಳುಹಿಸಬೇಕು, ಗೋರಿ ಎಲ್ಲಿದೆ ಎಂದು ಬರೆದಿಡಬೇಕು ಎಂಬ ನಿಯಮ ಮೊದಲನೆಯ ಜಿನೀವಾ ಒಪ್ಪಂದದಲ್ಲಿದೆ. ನನ್ನ ಬಿಲ್ಲೆ ಇನ್ನೂ ಮನೆಯಲ್ಲಿದೆ. ಬೇಕೆಂದರೆ ತಂದು ಮಕ್ಕಳಿಗೆ ತೋರಿಸುತ್ತೇನೆ, ಯಾವ ದಿನ ಬರುತ್ತೀರೆಂದು ಮೊದಲೇ ತಿಳಿಸಿ.